ಆಟಿಕೆಯ ರೈಲು ಕಟ್ಟಿದ ಗುಮಾಸ್ತ: ಫ್ರಾಂಕ್ ಹಾರ್ನ್‌ಬಿ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಲೋಕದಲ್ಲಿ ಜೀವನಚರಿತ್ರೆಗಳಿಗೆ ಕೊರತೆಯಿಲ್ಲ. ರಾಜ್ಯಗಳನ್ನು ಗೆದ್ದವರ, ಧರ್ಮವನ್ನು ಬೋಧಿಸಿದವರ, ಕಾವ್ಯಗಳನ್ನು ರಚಿಸಿದವರ ಚರಿತ್ರೆಗಳನ್ನು ನಾವು ಶಾಲೆಯ ಮೊದಲ ಪುಸ್ತಕದಿಂದಲೇ ಓದುತ್ತ ಬಂದಿದ್ದೇವೆ. ಆದರೆ ಮಕ್ಕಳ ಆಟಿಕೆಗಳನ್ನು ಮಾಡಿದವನೊಬ್ಬನ ಜೀವನವು ಕಾಲೇಜಿನ ವಿದ್ಯಾರ್ಥಿಗಳು ಓದತಕ್ಕ ವಿಷಯವೇ ಎಂಬ ಸಂಶಯ ಯಾರಿಗಾದರೂ ಬರಬಹುದು. ಆಟಿಕೆಯೆಂದರೆ ಮಗು ಅಳದಿರಲೆಂದು ಕೊಡುವ ವಸ್ತು, ನಾಲ್ಕು ದಿನ ಆಡಿ ಮುರಿದು ಮೂಲೆಗೆ ಎಸೆಯುವ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಆದರೂ ನಮ್ಮ ಹಿರಿಯರು ಚಿಕ್ಕ ವಸ್ತುವನ್ನು ಹಗುರಾಗಿ ಕಂಡವರಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಮ್ಮ ಸೀಮೆಯ ಮನೆಮನೆಗಳಲ್ಲಿ ಕರಿಮಣ್ಣನ್ನು ತಂದು ನಾದಿ, ಜೋಡೆತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಗೇಣುದ್ದವೂ ಇಲ್ಲದ ಆ ಎತ್ತಿಗೆ ಕೋಡು, ಇಣಿ, ಗಂಗೆದೊಗಲು ಯಾವುದೂ ತಪ್ಪುವಂತಿಲ್ಲ. ಎತ್ತನ್ನು ಸಾಕಿ ಬಲ್ಲವನ ಕೈಯಲ್ಲಿ ಮಾತ್ರ ಮಣ್ಣು ಎತ್ತಾಗುತ್ತದೆ. ದೊಡ್ಡದನ್ನು ಚಿಕ್ಕದಾಗಿ ಮಾಡಬೇಕಾದರೆ ಮೊದಲು ದೊಡ್ಡದನ್ನು ಚೆನ್ನಾಗಿ ಅರಿತಿರಬೇಕು. ಈ ಸಂಗತಿಯನ್ನು ತನ್ನ ದುಡಿಮೆಯಿಂದ ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿಯು ಒಬ್ಬನು. ಆಟಿಕೆಯ ರೈಲು ಎಂದೊಡನೆ ಇಂದಿಗೂ ಅನೇಕ ದೇಶಗಳಲ್ಲಿ ಜನರ ಬಾಯಿಗೆ ಬರುವ ಹೆಸರು ಅವನದೇ.

ನಮ್ಮ ಯಾದಗಿರಿಗೂ ರೈಲಿಗೂ ಹಳೆಯ ನಂಟು. 1853ನೆಯ ಇಸವಿ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಬಂಡಿಯನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯು ಪುಣೆ, ಸೊಲ್ಲಾಪುರ, ವಾಡಿ, ಯಾದಗಿರಿಗಳ ಮೇಲೆ ಹಳಿ ಹಾಸುತ್ತ ಬಂದು 1871ರಲ್ಲಿ ರಾಯಚೂರನ್ನು ಮುಟ್ಟಿತು. ಅಲ್ಲಿ ಅದು ಮದರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ಶಹಾಪುರ, ಸುರಪುರಗಳ ಕಡೆಯವರು ರೈಲು ಹತ್ತಬೇಕಾದರೆ ಭೀಮೆಯನ್ನು ದಾಟಿ ಯಾದಗಿರಿಗೆ ಬರುವುದು ತಲೆಮಾರುಗಳ ರೂಢಿ. ಇಲ್ಲಿಯ ಪ್ಲಾಟ್‌ಫಾರಮ್ಮಿನ ಮೇಲೆ ದಿನವೂ ನಿಲ್ಲುವ ನಾವು ರೈಲನ್ನು ನೋಡುತ್ತೇವೆಯೇ ಹೊರತು ಅದನ್ನು ಗಮನಿಸುವುದಿಲ್ಲ. ಹಾರ್ನ್‌ಬಿಯ ಚರಿತ್ರೆಯನ್ನು ಓದಿದ ಮೇಲೆ ನನಗೆ ಈ ಎರಡು ಕ್ರಿಯೆಗಳ ಅಂತರ ತಿಳಿಯಿತು. ಆ ಕಾರಣದಿಂದಲೇ ಈ ಲೇಖನವನ್ನು ಬರೆಯಲು ಮನಸ್ಸು ಮಾಡಿದ್ದೇನೆ.

ಮೊದಲಿಗೆ ಒಂದು ಹೆಸರಿನ ಗೊಂದಲವನ್ನು ನಿವಾರಿಸುತ್ತೇನೆ. ಮುಂಬಯಿಯಲ್ಲಿ ಹಿಂದೆ ಹಾರ್ನ್‌ಬಿ ರಸ್ತೆಯೆಂದು ಕರೆಸಿಕೊಳ್ಳುತ್ತಿದ್ದು ಈಗ ದಾದಾಭಾಯಿ ನವರೋಜಿ ರಸ್ತೆಯಾಗಿರುವ ಬೀದಿಯ ಹೆಸರನ್ನು ಕೆಲವರು ಕೇಳಿರಬಹುದು. ಆ ಹಾರ್ನ್‌ಬಿಯು 18ನೆಯ ಶತಮಾನದಲ್ಲಿ ಮುಂಬಯಿಯ ಗವರ್ನರನಾಗಿದ್ದ ವಿಲಿಯಂ ಹಾರ್ನ್‌ಬಿ. ನಮ್ಮ ಕಥಾನಾಯಕನು ಯಾವ ಅಧಿಕಾರದ ಬಲವೂ ಇಲ್ಲದೆ ಬಾಳನ್ನು ಆರಂಭಿಸಿದ ಬೇರೊಬ್ಬ ಮನುಷ್ಯ.

ಫ್ರಾಂಕ್ ಹಾರ್ನ್‌ಬಿಯು 1863ನೆಯ ಇಸವಿ ಮೇ 15ರಂದು ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ಪಟ್ಟಣದಲ್ಲಿ ಜನಿಸಿದನು. ತಂದೆ ಜಾನ್ ಓಸ್ವಾಲ್ಡ್ ಹಾರ್ನ್‌ಬಿಯು ದಿನಸಿ ಪದಾರ್ಥಗಳ ವ್ಯಾಪಾರಿ. ಲಿವರ್‌ಪೂಲ್ ಪಟ್ಟಣವು ರೈಲಿನ ಚರಿತ್ರೆಯಲ್ಲಿ ದೊಡ್ಡ ಹೆಸರು ಪಡೆದ ಊರು. ಜಾರ್ಜ್ ಸ್ಟೀಫನ್‌ಸನ್ನನು ನಿರ್ಮಿಸಿದ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗವು 1830ರಲ್ಲಿ ಅಲ್ಲಿಂದಲೇ ಆರಂಭವಾಗಿತ್ತು. ಹಡಗುಗಳು, ಭಾರ ಎತ್ತುವ ಕ್ರೇನುಗಳು, ಉಗಿಬಂಡಿಗಳು ಇವುಗಳ ನಡುವೆಯೇ ಬಾಲಕ ಫ್ರಾಂಕನು ಬೆಳೆದನು.

ಓದಿನಲ್ಲಿ ಅವನು ಹೆಸರು ಮಾಡಲಿಲ್ಲ. 16ನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ತಂದೆಯ ಅಂಗಡಿಯಲ್ಲಿ ಹಣ ಎಣಿಸುವ ಕೆಲಸಕ್ಕೆ ಕುಳಿತನು. ಯಂತ್ರಶಾಸ್ತ್ರವನ್ನು ಅವನು ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ. ಸ್ಯಾಮ್ಯುಯಲ್ ಸ್ಮೈಲ್ಸ್ ಎಂಬಾತನು ಸ್ವಪ್ರಯತ್ನದಿಂದ ಮೇಲೆ ಬಂದವರ ಕಥೆಗಳನ್ನು ಸಂಗ್ರಹಿಸಿ ಬರೆದ ಪುಸ್ತಕವೊಂದು ಅವನ ಬಾಲ್ಯದ ಸಂಗಾತಿಯಾಗಿತ್ತು. ಅದನ್ನು ಓದಿ ಓದಿ, ತಾನೂ ಏನನ್ನಾದರೂ ಕಂಡುಹಿಡಿಯಬೇಕೆಂಬ ಹಂಬಲ ಅವನಲ್ಲಿ ಹುಟ್ಟಿತು. ಆದರೆ ಹಂಬಲವು ಹಂಬಲವಾಗಿಯೇ ಬಹುಕಾಲ ಉಳಿಯಿತು. 1887ರಲ್ಲಿ ಎಮ್ಮಾ ಗಾಡ್‌ಫ್ರಾಯ್ ಎಂಬ ಶಾಲಾ ಉಪಾಧ್ಯಾಯಿನಿಯನ್ನು ವಿವಾಹವಾದನು. ರೋಲಂಡ್, ಡಗ್ಲಸ್ ಎಂಬ ಗಂಡುಮಕ್ಕಳೂ ಪೆಟ್ರೀಷಿಯಾ ಎಂಬ ಹೆಣ್ಣುಮಗಳೂ ಹುಟ್ಟಿದರು. 1899ರಲ್ಲಿ ತಂದೆ ತೀರಿಕೊಂಡನು. ಮನೆತನದ ವ್ಯಾಪಾರವೂ ಮುಚ್ಚಿತು. ಆಗ ಅವನು ಮಾಂಸ ಆಮದು ಮಾಡಿಕೊಳ್ಳುತ್ತಿದ್ದ ಡೇವಿಡ್ ಹ್ಯೂ ಎಲಿಯಟ್ ಎಂಬ ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ಗುಮಾಸ್ತನಾಗಿ ಸೇರಿದನು. ವಯಸ್ಸು 36, ಕೈಯಲ್ಲಿ ಹಣವಿಲ್ಲ, ಪದವಿಯಿಲ್ಲ. ಇನ್ನು ಇವನ ಬಾಳು ಲೆಕ್ಕದ ಪುಸ್ತಕದಲ್ಲಿಯೇ ಮುಗಿಯುವುದೆಂದು ಕಂಡವರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಬಿಡುವಿನ ವೇಳೆಯಲ್ಲಿ ಅವನು ಮನೆಯ ಕೆಲಸದ ಕೋಣೆಯಲ್ಲಿ ಕುಳಿತು ತನ್ನ ಗಂಡುಮಕ್ಕಳಿಗಾಗಿ ತಗಡಿನಿಂದ ಸೇತುವೆ, ಬಂಡಿ, ಕ್ರೇನುಗಳನ್ನು ಮಾಡುತ್ತಿದ್ದನು. ಒಂದೊಂದು ಆಟಿಕೆಗೂ ಒಂದೊಂದು ಬಗೆಯ ಚೂರುಗಳನ್ನು ಕತ್ತರಿಸಬೇಕಾಗುತ್ತಿತ್ತು. ಸೇತುವೆಯ ಚೂರು ಕ್ರೇನಿಗೆ ಹೊಂದುತ್ತಿರಲಿಲ್ಲ. ಮುಂದೆ ಅವನೇ ಹೇಳಿಕೊಂಡ ವೃತ್ತಾಂತದ ಪ್ರಕಾರ, ಕ್ರಿಸ್‌ಮಸ್ ಹಬ್ಬಕ್ಕೆಂದು ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಅವನಿಗೆ ಒಂದು ಆಲೋಚನೆ ಹೊಳೆಯಿತು. ಎಲ್ಲ ಪಟ್ಟಿಗಳೂ ಒಂದೇ ಅಗಲದವಾಗಿದ್ದು, ಅವುಗಳ ಉದ್ದಕ್ಕೂ ಸಮಾನ ಅಂತರದಲ್ಲಿ ರಂಧ್ರಗಳಿದ್ದರೆ, ಯಾವ ಪಟ್ಟಿಯನ್ನಾದರೂ ಇನ್ನಾವ ಪಟ್ಟಿಗಾದರೂ ನಟ್ಟು ಬೋಲ್ಟುಗಳಿಂದ ಜೋಡಿಸಬಹುದಲ್ಲವೇ? ಇಂದು ಸೇತುವೆಯಾದದ್ದನ್ನು ನಾಳೆ ಬಿಚ್ಚಿ ಕ್ರೇನು ಮಾಡಬಹುದಲ್ಲವೇ? ಅರ್ಧ ಇಂಚು ಅಗಲದ ಪಟ್ಟಿ, ಅರ್ಧ ಇಂಚಿಗೊಂದು ರಂಧ್ರ: ಇಷ್ಟೇ ಅವನ ಶೋಧ. ನಿಜವಾದ ಕಬ್ಬಿಣದ ಸೇತುವೆಗಳನ್ನು ಇಂಜಿನಿಯರರು ಕಟ್ಟುವ ಕ್ರಮವೂ ಬಹುಮಟ್ಟಿಗೆ ಇದೇ ಆಗಿದ್ದುದರಿಂದ, ಆಟವಾಡುವ ಹುಡುಗನ ಕೈಗೆ ಇಂಜಿನಿಯರನ ವಿದ್ಯೆ ಅವನಿಗರಿವಿಲ್ಲದೆಯೇ ಬಂದು ಸೇರುತ್ತಿತ್ತು.

ಶೋಧವನ್ನು ಕಾಯ್ದುಕೊಳ್ಳಬೇಕಾದರೆ ಸರಕಾರದಿಂದ ಪೇಟೆಂಟು ಪಡೆಯಬೇಕು. ಅದಕ್ಕೆ ಹಣ ಬೇಕು. ಹಾರ್ನ್‌ಬಿಯು ತನ್ನ ಯಜಮಾನನಾದ ಎಲಿಯಟ್ಟನಿಂದ 5 ಪೌಂಡುಗಳನ್ನು ಸಾಲ ಪಡೆದು 1901ನೆಯ ಇಸವಿ ಜನವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ನಂತರದ ವರ್ಷಗಳು ಸುಖದ ವರ್ಷಗಳಾಗಿರಲಿಲ್ಲ. ಬೇರೆಯವರಿಂದ ಮಾಡಿಸಿದ ಬಿಡಿಭಾಗಗಳು ಅವನು ಬಯಸಿದಷ್ಟು ಕರಾರುವಾಕ್ಕಾಗಿ ಬರುತ್ತಿರಲಿಲ್ಲ. ರಂಧ್ರವು ಕೂದಲೆಳೆಯಷ್ಟು ಆಚೀಚೆಯಾದರೂ ಬೋಲ್ಟು ಕೂರುವುದಿಲ್ಲ. ಬೋಲ್ಟು ಕೂರದಿದ್ದರೆ ಇಡೀ ಕಲ್ಪನೆಯೇ ಸುಳ್ಳಾಗುತ್ತದೆ. ಎಲಿಯಟ್ಟನು ಪಾಲುದಾರನಾಗಿ ನಿಂತು ತನ್ನ ಕಚೇರಿಯ ಪಕ್ಕದಲ್ಲಿ ಖಾಲಿಯಿದ್ದ ಜಾಗವನ್ನು ಬಿಟ್ಟುಕೊಟ್ಟನು. ಹಗಲು ಗುಮಾಸ್ತಿಕೆ, ಉಳಿದ ವೇಳೆ ಆಟಿಕೆಯ ಕೆಲಸ ಹೀಗೆ ದಿನಗಳು ಸಾಗಿದವು. 1902ರಲ್ಲಿ ಯಂತ್ರವಿದ್ಯೆಯನ್ನು ಸುಲಭಗೊಳಿಸುವುದೆಂಬ ಅರ್ಥದ ಹೆಸರಿನಲ್ಲಿ ಪೆಟ್ಟಿಗೆಗಳು ಮಾರಾಟಕ್ಕೆ ಬಂದವು. ಲಿವರ್‌ಪೂಲಿನಲ್ಲಿ ಯಂತ್ರಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಹೀಲ್-ಶಾ ಎಂಬಾತನು ಅದನ್ನು ಪರೀಕ್ಷಿಸಿ ಮೆಚ್ಚುಗೆಯ ಪತ್ರವನ್ನು ಕೊಟ್ಟನು. ಶಾಲೆ ಬಿಟ್ಟ ಗುಮಾಸ್ತನ ಕೆಲಸಕ್ಕೆ ಪ್ರಾಧ್ಯಾಪಕನೊಬ್ಬನು ಮುಕ್ತಮನಸ್ಸಿನಿಂದ ಮನ್ನಣೆಯಿತ್ತ ಈ ಸಂಗತಿಯನ್ನು ನಾನು ಇಲ್ಲಿ ವಿಶೇಷವಾಗಿ ಸ್ಮರಿಸುತ್ತೇನೆ. ಹಾಗಿದ್ದರೂ ಲಾಭದ ಮುಖ ಕಾಣಲು 1906ರವರೆಗೆ ಕಾಯಬೇಕಾಯಿತು.

1907ರಲ್ಲಿ ಆಟಿಕೆಗೆ ಮೆಕ್ಯಾನೊ ಎಂಬ ಹೆಸರು ನೋಂದಣಿಯಾಯಿತು. 44 ವರ್ಷದ ಹಾರ್ನ್‌ಬಿಯು ಗುಮಾಸ್ತಿಕೆಯನ್ನು ಬಿಟ್ಟು, ಲಿವರ್‌ಪೂಲಿನಲ್ಲಿಯೇ ಒಂದು ಚಿಕ್ಕ ಕಾರಖಾನೆಯನ್ನು ತೆರೆದನು. 1908ರಲ್ಲಿ ಮೆಕ್ಯಾನೊ ಲಿಮಿಟೆಡ್ ಸ್ಥಾಪನೆಯಾದಾಗ ಎಲಿಯಟ್ಟನು ಅದರಲ್ಲಿ ಸೇರಲಿಲ್ಲ; ಭಾರವೆಲ್ಲ ಒಬ್ಬನ ಹೆಗಲಿಗೇ ಬಿದ್ದಿತು. ಆದರೆ ಆಗ ಗಾಳಿ ಬೀಸುವ ದಿಕ್ಕು ಬದಲಾಗಿತ್ತು. 1912ರಲ್ಲಿ ಪ್ಯಾರಿಸಿನಲ್ಲಿ ಶಾಖೆ ತೆರೆಯಿತು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರಖಾನೆ ಎದ್ದು ನಿಂತಿತು. 1916ರಲ್ಲಿ ಮೆಕ್ಯಾನೊ ಪತ್ರಿಕೆ ಹೊರಟಿತು. ಅದು ಕೇವಲ ಜಾಹೀರಾತಿನ ಹಾಳೆಯಾಗಿ ಉಳಿಯದೆ ಸೇತುವೆ, ಹಡಗು, ರೈಲು, ಗಣಿಗಳ ವಿಷಯವನ್ನು ಬಾಲಕರಿಗೆ ತಿಳಿಯುವಂತೆ ವಿವರಿಸುವ ಪತ್ರಿಕೆಯಾಗಿ ಬೆಳೆಯಿತು.

ಇನ್ನು ರೈಲಿನ ಪ್ರಕರಣಕ್ಕೆ ಬರೋಣ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಅಂಗಡಿಗಳಲ್ಲಿ ದೊರೆಯುತ್ತಿದ್ದ ತಗಡಿನ ರೈಲುಗಳಲ್ಲಿ ಹೆಚ್ಚಿನವು ಜರ್ಮನಿಯಿಂದ ಬರುತ್ತಿದ್ದವು. ಬಿಂಗ್, ಮಾರ್ಕ್ಲಿನ್ ಮೊದಲಾದ ಜರ್ಮನ್ ತಯಾರಕರು ಈ ಕಲೆಯಲ್ಲಿ ನಿಷ್ಣಾತರು. ಯುದ್ಧವು ಆ ವ್ಯಾಪಾರವನ್ನು ತಡೆಯಿತು. ಯುದ್ಧ ಮುಗಿದೊಡನೆ ಸ್ವದೇಶದ ಆಟಿಕೆಗಳಿಗೆ ಬೇಡಿಕೆ ಹೆಚ್ಚಿತು. ಸಂದರ್ಭವನ್ನು ಅರಿತ ಹಾರ್ನ್‌ಬಿಯು 1920ರಲ್ಲಿ ತನ್ನ ಹೆಸರಿನ ಮೊದಲ ರೈಲನ್ನು ಹೊರತಂದನು. ಚಾವಿ ಕೊಟ್ಟು ಸ್ಪ್ರಿಂಗನ್ನು ಬಿಗಿದರೆ ಓಡುವ ಇಂಜಿನು, ಹಿಂದೆ ಬಂಡಿಗಳು, ಕೆಳಗೆ ಸುತ್ತುಹಳಿ. ಆದರೆ ಅದರಲ್ಲೊಂದು ವೈಶಿಷ್ಟ್ಯವಿತ್ತು. ಆ ರೈಲನ್ನು ಮೆಕ್ಯಾನೊದಂತೆಯೇ ನಟ್ಟು ಬೋಲ್ಟುಗಳಿಂದ ಜೋಡಿಸಲಾಗಿತ್ತು; ಹುಡುಗನು ಅದನ್ನು ಬಿಚ್ಚಿ ಮತ್ತೆ ಕಟ್ಟಬಹುದಾಗಿತ್ತು. ಒಂದು ಭಾಗ ಮುರಿದರೆ ಅದೊಂದನ್ನೇ ತಂದು ಹಾಕಬಹುದಾಗಿತ್ತು. ಬಣ್ಣವೂ ಮನಸ್ಸಿಗೆ ಬಂದಂತೆ ಬಳಿದದ್ದಲ್ಲ. ಆಗ ಇಂಗ್ಲೆಂಡಿನಲ್ಲಿ ಓಡುತ್ತಿದ್ದ ಲಂಡನ್ ಮತ್ತು ನಾರ್ತ್ ವೆಸ್ಟರ್ನ್, ಮಿಡ್‌ಲ್ಯಾಂಡ್, ಗ್ರೇಟ್ ನಾರ್ದರ್ನ್ ರೈಲ್ವೆ ಕಂಪನಿಗಳ ಬಣ್ಣಗಳೇ ಅವು. 1923ರಲ್ಲಿ ಅಲ್ಲಿಯ ರೈಲ್ವೆ ಕಂಪನಿಗಳೆಲ್ಲ ನಾಲ್ಕು ದೊಡ್ಡ ಕಂಪನಿಗಳಾಗಿ ಕೂಡಿಕೊಂಡಾಗ ಆಟಿಕೆಯ ರೈಲುಗಳ ಬಣ್ಣವೂ ಬದಲಾಯಿತು. 1925ರಲ್ಲಿ ವಿದ್ಯುತ್ತಿನಿಂದ ಓಡುವ ರೈಲೂ ಬಂದಿತು.

ಚಿಕ್ಕ ರೈಲನ್ನು ಮಾಡುವುದೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಹಾರ್ನ್‌ಬಿಯ ಈ ರೈಲುಗಳ ಹಳಿಯ ಅಗಲ 32 ಮಿಲಿಮೀಟರು. ನಿಜವಾದ ರೈಲಿನ ಒಂದು ಅಡಿಗೆ ಇಲ್ಲಿ ಸುಮಾರು 7 ಮಿಲಿಮೀಟರು. ಎಂದರೆ ಸರಿಸುಮಾರು 43ರಲ್ಲಿ ಒಂದು ಪಾಲು. ಅವನ ಮರಣಾನಂತರ, 1938ರಲ್ಲಿ, ಅವನ ಕಂಪನಿಯು 76ರಲ್ಲಿ ಒಂದು ಪಾಲಿನ ಇನ್ನೂ ಚಿಕ್ಕ ರೈಲನ್ನು ಡಬ್ಲೊ ಎಂಬ ಹೆಸರಿನಿಂದ ಮಾಡಿತು. ಈ ಎರಡನೆಯ ಪ್ರಮಾಣದಲ್ಲಿ ನಮ್ಮ ಯಾದಗಿರಿಯ ರೈಲನ್ನು ಮಾಡಿದರೆ ಹೇಗಿರಬಹುದೆಂದು ನಾನು ಲೆಕ್ಕ ಹಾಕಿ ನೋಡಿದೆನು. ನಮ್ಮ ಹಳಿಯ ಅಗಲ 1676 ಮಿಲಿಮೀಟರು. ಅದು 22 ಮಿಲಿಮೀಟರಿಗೆ ಇಳಿಯುತ್ತದೆ. ಸುಮಾರು 23 ಮೀಟರು ಉದ್ದದ ಬೋಗಿಯು 30 ಸೆಂಟಿಮೀಟರು, ಎಂದರೆ ನಮ್ಮ ಬರೆಯುವ ಪಟ್ಟಿಯಷ್ಟು ಆಗುತ್ತದೆ. ಇಪ್ಪತ್ತು ಬೋಗಿಗಳ ಗಾಡಿಯು 6 ಮೀಟರು ಉದ್ದವಾಗಿ ನಮ್ಮ ತರಗತಿಯ ಕೋಣೆಯನ್ನೇ ತುಂಬಿಬಿಡುತ್ತದೆ. ಒಂದು ಕಿಲೋಮೀಟರು ಹಾದಿಗೆ 13 ಮೀಟರು ಜಾಗ ಬೇಕು. ಆದುದರಿಂದ ಚಿಕ್ಕ ರೈಲುಮಾರ್ಗವನ್ನು ಕಟ್ಟುವವನು ಎಲ್ಲವನ್ನೂ ತೋರಿಸಲಾರನು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಅವನ ಕಲೆ. ಬೋಗಿಗಳು ಇಪ್ಪತ್ತರ ಬದಲು ಐದೇ ಇರಲಿ. ಆದರೆ ಊರಿನ ಬೆಟ್ಟದ ಕೋಟೆಯ ಗೆರೆ, ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚು, ಮೂರು ಭಾಷೆಗಳಲ್ಲಿ ಊರ ಹೆಸರು ಬರೆದ ಹಳದಿ ಫಲಕ ಇವು ತಪ್ಪಬಾರದು. ಇವು ತಪ್ಪಿದರೆ ಅದು ಯಾವುದೋ ಊರಾಗುತ್ತದೆ, ಯಾದಗಿರಿಯಾಗುವುದಿಲ್ಲ.

ಈ ವಿವರಗಳ ಮಹತ್ವವು ಹಾರ್ನ್‌ಬಿಗೆ ಬೇಗನೆ ತಿಳಿಯಿತು. ಓಡುವ ಇಂಜಿನೊಂದೇ ಹುಡುಗರ ಮನಸ್ಸನ್ನು ಬಹುಕಾಲ ಹಿಡಿದಿಡಲಾರದು. ಅದು ಬಂದು ನಿಲ್ಲಲು ಒಂದು ನಿಲ್ದಾಣ ಬೇಕು, ನಿಲ್ದಾಣಕ್ಕೆ ಜನ ಬೇಕು, ಜನಕ್ಕೆ ಒಂದು ಊರು ಬೇಕು. ಹೀಗೆ ಅವನ ಕಾರಖಾನೆಯಿಂದ ನಿಲ್ದಾಣದ ಕಟ್ಟಡಗಳು, ಕೈಕಂಬಗಳು, ಲೆವೆಲ್ ಕ್ರಾಸಿಂಗಿನ ಗೇಟುಗಳು, ನೀರಿನ ತೊಟ್ಟಿಗಳು, ಸುರಂಗಗಳು ಒಂದರ ಹಿಂದೊಂದು ಹೊರಬಿದ್ದವು. 1930ರ ದಶಕದ ಆರಂಭದಲ್ಲಿ ಬೆರಳುದ್ದದ ಸ್ಟೇಷನ್ ಮಾಸ್ತರ, ಗಾರ್ಡು, ಹಮಾಲ, ಪ್ರಯಾಣಿಕರ ಗೊಂಬೆಗಳು ಬಂದವು. ಹೊಲದ ದನಕರುಗಳೂ ಬಂದವು. 1933ರ ಕೊನೆಗೆ ನಿಲ್ದಾಣದ ಹೊರಗೆ ನಿಲ್ಲಿಸಲೆಂದು ಅಂಗೈಯಲ್ಲಿ ಅಡಗುವ ಮೋಟಾರುಗಾಡಿಗಳು ಬಂದವು. ರೈಲಿನ ಅಲಂಕಾರಕ್ಕೆಂದು ಹುಟ್ಟಿದ ಈ ಗಾಡಿಗಳು 1934ರಲ್ಲಿ ಡಿಂಕಿ ಎಂಬ ಹೆಸರು ಪಡೆದು ತಾವೇ ಸ್ವತಂತ್ರವಾಗಿ ಲೋಕಪ್ರಸಿದ್ಧವಾದವು.

ಇಷ್ಟಾದರೂ ಹಾರ್ನ್‌ಬಿಯ ರೈಲುಗಳನ್ನು ಎಲ್ಲರೂ ಮೆಚ್ಚಿದರೆಂದು ಹೇಳಲಾಗದು. ನಿಜವಾದ ರೈಲಿನ ಪ್ರತಿಯೊಂದು ಅಳತೆಯನ್ನೂ ಸಾಧಿಸಬೇಕೆನ್ನುವ ವಯಸ್ಕ ಹವ್ಯಾಸಿಗಳು ಆ ಕಾಲಕ್ಕೇ ಇದ್ದರು. ಲಂಡನ್ನಿನಲ್ಲಿ 1910ರಲ್ಲಿಯೇ ಅವರದೊಂದು ಸಂಘ ಸ್ಥಾಪನೆಯಾಗಿತ್ತು. ಅವರ ಕಣ್ಣಿಗೆ ಹಾರ್ನ್‌ಬಿಯ ಇಂಜಿನು ಗಿಡ್ಡ, ಚಕ್ರ ದಪ್ಪ, ತಿರುವು ವಿಪರೀತ. ಈ ಆಕ್ಷೇಪಣೆಯಲ್ಲಿ ಸತ್ಯವಿತ್ತು. ಅವನ ಸುತ್ತುಹಳಿಯ ತ್ರಿಜ್ಯವು ಒಂದು ಅಥವಾ ಎರಡು ಅಡಿ. ಎರಡಡಿಯ ತ್ರಿಜ್ಯವನ್ನು ನಿಜದ ಅಳತೆಗೆ ಹಿಗ್ಗಿಸಿದರೆ 26 ಮೀಟರಿನಷ್ಟಾಗುತ್ತದೆ. ಅಂಥ ತಿರುವಿನಲ್ಲಿ ಯಾವ ದೊಡ್ಡ ರೈಲೂ ತಿರುಗಲಾರದು. ಆದರೆ ಬಡ ಮಧ್ಯಮವರ್ಗದ ಮನೆಯ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು ಜಾಗವೆಲ್ಲಿ? ಹತ್ತು ವರ್ಷದ ಹುಡುಗನ ಕೈಯಿಂದ ಬಿದ್ದರೂ ಮುರಿಯದಂತೆ ಇರಬೇಕಾದರೆ ಚಕ್ರವು ದಪ್ಪವಾಗಿರಬೇಕಲ್ಲವೇ? ಅಳತೆಯ ಸತ್ಯಕ್ಕೂ ಆಟದ ಗಟ್ಟಿತನಕ್ಕೂ ನಡುವೆ ಅವನು ಆಟದ ಪಕ್ಷವನ್ನು ವಹಿಸಿದನು. ಅವನ ತಗಡಿನ ರೈಲಿನಿಂದ ಆರಂಭಿಸಿದ ಅನೇಕ ಹುಡುಗರು ದೊಡ್ಡವರಾದ ಮೇಲೆ ಸೂಕ್ಷ್ಮ ಅಳತೆಯ ರೈಲುಗಳನ್ನು ಸ್ವತಃ ನಿರ್ಮಿಸಿದರು ಎಂಬುದನ್ನು ನೋಡಿದರೆ ಅವನ ನಿರ್ಣಯ ತಪ್ಪಾಗಿರಲಿಲ್ಲವೆನಿಸುತ್ತದೆ.

ಕಟ್ಟಿದ್ದನ್ನು ನಾಲ್ಕು ಜನರಿಗೆ ತೋರಿಸುವುದರಲ್ಲಿಯೂ ಒಂದು ಶಿಕ್ಷಣವಿದೆಯೆಂದು ಹಾರ್ನ್‌ಬಿಯು ನಂಬಿದ್ದನು. 1919ರಲ್ಲಿ ಮೆಕ್ಯಾನೊ ಆಡುವ ಹುಡುಗರಿಗಾಗಿ ಒಂದು ಸಂಘವನ್ನೂ 1928ರಲ್ಲಿ ರೈಲು ಆಡುವವರಿಗಾಗಿ ಹಾರ್ನ್‌ಬಿ ರೈಲ್ವೆ ಕಂಪನಿ ಎಂಬ ಬಳಗವನ್ನೂ ಆರಂಭಿಸಲಾಯಿತು. ಊರೂರುಗಳಲ್ಲಿ ಹುಡುಗರು ಶಾಖೆಗಳನ್ನು ಕಟ್ಟಿಕೊಂಡು, ತಮ್ಮ ತಮ್ಮ ಹಳಿಗಳನ್ನು ಒಂದು ಕಡೆ ತಂದು ಜೋಡಿಸಿ, ವೇಳಾಪಟ್ಟಿ ಬರೆದು, ಅದರಂತೆ ಗಾಡಿಗಳನ್ನು ಬಿಡುತ್ತಿದ್ದರು. ಒಬ್ಬನು ಸಿಗ್ನಲ್ ನೋಡಿಕೊಳ್ಳುವವನು, ಒಬ್ಬನು ಗಾಡಿ ಬಿಡುವವನು, ಇನ್ನೊಬ್ಬನು ಸಾಮಾನು ತುಂಬುವವನು. ಬಳಿಕ ಪ್ರದರ್ಶನಗಳನ್ನು ಏರ್ಪಡಿಸಿ ತಂದೆತಾಯಿಗಳನ್ನೂ ಊರವರನ್ನೂ ಕರೆಯುತ್ತಿದ್ದರು. ಇಂಥ ಪ್ರದರ್ಶನಗಳ ಸಂಪ್ರದಾಯವು ಈಗಲೂ ಅನೇಕ ದೇಶಗಳಲ್ಲಿ ನಡೆದುಬಂದಿದೆ. ಮೇಜಿನ ಮೇಲೆ ಹಲಗೆಗಳನ್ನು ಜೋಡಿಸಿ, ಹಿಂದೆ ಆಕಾಶದ ಪರದೆ ಕಟ್ಟಿ, ಪರದೆಯ ಹಿಂದೆ ಗಾಡಿಗಳನ್ನು ಅಡಗಿಸಿಟ್ಟು, ಒಂದೊಂದನ್ನೇ ಸುರಂಗದಿಂದ ಹೊರಬಿಡುವರು. ನಮ್ಮ ಬಯಲಾಟದಲ್ಲಿ ಪರದೆಯ ಹಿಂದಿನಿಂದ ಪಾತ್ರಗಳು ರಂಗಕ್ಕೆ ಬರುವಂತೆಯೇ ಇದೂ. ನೋಡುವವನಿಗೆ ಕಾಣುವುದು ಅರ್ಧ. ಕಾಣದ ಅರ್ಧದಲ್ಲಿ ಹಲವರ ಪರಿಶ್ರಮವಿರುತ್ತದೆ.

ಹಾರ್ನ್‌ಬಿಯು ಐಶ್ವರ್ಯವಂತನಾದನು; 1931ರಲ್ಲಿ ಲಿವರ್‌ಪೂಲಿನ ಎವರ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿಬಂದು 1935ರವರೆಗೆ ಸದಸ್ಯನಾಗಿದ್ದನು. ಹೃದ್ರೋಗ ಮತ್ತು ಮಧುಮೇಹಗಳಿಂದ ಬಳಲಿ 1936ನೆಯ ಇಸವಿ ಸೆಪ್ಟೆಂಬರ್ 21ರಂದು ತೀರಿಕೊಂಡನು. ಮಗ ರೋಲಂಡನು ಕಂಪನಿಯ ಭಾರವನ್ನು ಹೊತ್ತನು. 1964ರಲ್ಲಿ ಕಂಪನಿಯು ಬೇರೆಯವರ ಕೈಗೆ ಹೋಯಿತು. ಬಿನ್ಸ್ ರಸ್ತೆಯ ಕಾರಖಾನೆ 1979ರಲ್ಲಿ ಮುಚ್ಚಿತು. ಆದರೆ ಹಾರ್ನ್‌ಬಿ ಎಂಬ ಹೆಸರು ಚಿಕ್ಕ ರೈಲುಗಳ ಮೇಲೆ ಉಳಿದುಕೊಂಡಿದೆ.

ಅವನ ಆಟಿಕೆಯಿಂದ ಲೋಕಕ್ಕೇನು ಉಪಕಾರವಾಯಿತು ಎಂದು ಕೇಳುವವರಿಗೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಡಗ್ಲಸ್ ಹಾರ್ಟ್ರೀ ಮತ್ತು ಅವನ ವಿದ್ಯಾರ್ಥಿ ಆರ್ಥರ್ ಪೋರ್ಟರ್ ಇಬ್ಬರೂ ಕಠಿಣ ಸಮೀಕರಣಗಳನ್ನು ಬಿಡಿಸುವ ಯಂತ್ರವೊಂದನ್ನು ಬಹುಮಟ್ಟಿಗೆ ಮೆಕ್ಯಾನೊ ಭಾಗಗಳಿಂದಲೇ ಕಟ್ಟಿದರು. 1996ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಹ್ಯಾರಿ ಕ್ರೋಟೊ, ಬಾಲ್ಯದ ಮೆಕ್ಯಾನೊ ಆಟವು ತನ್ನ ವಿಜ್ಞಾನದ ಕೆಲಸಕ್ಕೆ ಬುನಾದಿಯಾಯಿತೆಂದು ಹಲವು ಸಲ ನೆನೆದನು.

ಆದರೆ ಚರಿತ್ರೆ ಬರೆಯುವವರು ಗುಣದ ಜೊತೆಗೆ ಕೊರತೆಯನ್ನೂ ಹೇಳಬೇಕು. ಹಾರ್ನ್‌ಬಿಯು ಮಾತನಾಡಿದ್ದೆಲ್ಲ ಹುಡುಗರೊಡನೆ. ಅವನ ಪೆಟ್ಟಿಗೆಗಳ ಮೇಲೆ, ಪತ್ರಿಕೆಯ ಪುಟಗಳಲ್ಲಿ ಎಲ್ಲೆಲ್ಲಿಯೂ ಹುಡುಗರು. ಅವನ ಕಾರಖಾನೆಯ ಸಾಲುಮೇಜುಗಳ ಮುಂದೆ ಕುಳಿತು ಆ ತಗಡುಗಳನ್ನು ಜೋಡಿಸಿ, ಪೆಟ್ಟಿಗೆಗೆ ತುಂಬಿ ಕಳುಹಿಸುತ್ತಿದ್ದವರಲ್ಲಿ ಬಹುಮಂದಿ ಹೆಣ್ಣುಮಕ್ಕಳು. ಬೆಲೆಯೂ ಎಲ್ಲರ ಕೈಗೆ ಎಟಕುವಂತಿರಲಿಲ್ಲ. ಅವನು ತೀರಿಕೊಂಡ ಮರುವರ್ಷ ಕಂಪನಿಯು ಹೊರತಂದ ಪ್ರಿನ್ಸೆಸ್ ಎಲಿಜಬೆತ್ ಎಂಬ ಸುಂದರವಾದ ಇಂಜಿನಿನ ಬೆಲೆ 5 ಗಿನಿ, ಎಂದರೆ 105 ಶಿಲ್ಲಿಂಗು. ಸಾಮಾನ್ಯ ಕೂಲಿಕಾರನ ಒಂದು ವಾರದ ದುಡಿಮೆಗಿಂತ ಹೆಚ್ಚು. ಆಟಿಕೆಯನ್ನು ಮಾಡಿದ ಕೈಗಳ ಮನೆಗೆ ಆ ಆಟಿಕೆ ಹೋಗುವುದು ಕಷ್ಟವಾಗಿತ್ತು.

ಇದನ್ನು ಬರೆಯುವಾಗ ನನ್ನ ಮನೆಯ ನೆನಪಾಗದೆ ಇರದು. ನಾನು ಶಹಾಪುರ ಕಡೆಯ ಹಳ್ಳಿಯ ಬಡಿಗತನದ ಮನೆಯವಳು. ನಮ್ಮ ತಂದೆಯವರು ಬಂಡಿ, ಕೂರಿಗೆ, ಕುಂಟೆಗಳನ್ನು ಮಾಡುವವರು. ಅವರಿಗೆ ಅಕ್ಷರ ಬಾರದು. ಆದರೆ ಗಾಲಿಗೆ ಎಷ್ಟು ಅರೆಕಾಲು ಬೇಕು, ಅಚ್ಚು ಎಷ್ಟು ದಪ್ಪವಿದ್ದರೆ ಎಷ್ಟು ಹೇರು ತಡೆಯುತ್ತದೆ ಎಂಬ ಲೆಕ್ಕ ಅವರ ಬೆರಳ ತುದಿಯಲ್ಲಿದೆ. ನನ್ನ ತಮ್ಮ ಚಿಕ್ಕವನಿದ್ದಾಗ ಅವನಿಗೆಂದು ಅವರು ಮೊಳದುದ್ದದ ಚಕ್ಕಡಿಯೊಂದನ್ನು ಮಾಡಿಕೊಟ್ಟಿದ್ದರು. ನೊಗ, ಮೂಕಿ, ಕೀಲು ಎಲ್ಲವೂ ದೊಡ್ಡ ಬಂಡಿಯಲ್ಲಿ ಇದ್ದಂತೆಯೇ. ಅದನ್ನು ಬಿಚ್ಚಿ ಜೋಡಿಸಲು ಕಲಿತವಳು ನಾನು. ಟ್ರಾಕ್ಟರುಗಳು ಬಂದ ಮೇಲೆ ಮರದ ಬಂಡಿಗೆ ಬೇಡಿಕೆ ಕಡಿಮೆಯಾಯಿತು. ಬಾಚಿ ಹಿಡಿಯುವ ಕಷ್ಟ ಮಕ್ಕಳಿಗೆ ಬೇಡವೆಂದು ತಂದೆಯವರು ನನ್ನನ್ನು ಓದಿಸಿದರು. ನಮ್ಮ ವಂಶದಲ್ಲಿ ಪದವಿಯ ಪರೀಕ್ಷೆಗೆ ಕೂಡುವವರಲ್ಲಿ ನಾನೇ ಮೊದಲನೆಯವಳು. ಓದಿದವರು ಕೈ ಕೊಳೆ ಮಾಡಿಕೊಳ್ಳಬಾರದು, ಪದವಿಯೆಂದರೆ ಕೈಕೆಲಸದಿಂದ ಬಿಡುಗಡೆ ಎಂದು ಬಂಧುಗಳು ಹೇಳುವಾಗ ನಾನು ಸುಮ್ಮನಿರುತ್ತೇನೆ. ಅವರ ಮಾತಿನ ಹಿಂದೆ ತಲೆಮಾರುಗಳ ದಣಿವಿದೆಯೆಂಬುದನ್ನು ಬಲ್ಲೆನು. ಆದರೂ ಹಾರ್ನ್‌ಬಿಯ ಬಾಳು ನನಗೆ ಬೇರೊಂದು ಪಾಠವನ್ನು ಹೇಳುತ್ತದೆ. ಗುಮಾಸ್ತನಾದ ಅವನು ಲೆಕ್ಕದ ಪುಸ್ತಕದಿಂದ ಕಲಿತ ಕರಾರುವಾಕ್ಕನ್ನು ತಗಡಿನ ರಂಧ್ರಕ್ಕೆ ತಂದನು. ತಲೆಯ ವಿದ್ಯೆಯೂ ಕೈಯ ವಿದ್ಯೆಯೂ ಅವನಲ್ಲಿ ಒಂದೇ ಬೋಲ್ಟಿನಿಂದ ಕೂಡಿದ್ದವು. ಬಿ.ಎ. ಓದಿದ ನಾನು ನಮ್ಮ ತಂದೆಯವರ ಅಳತೆಗಳನ್ನು ಬರೆದಿಡದಿದ್ದರೆ, ಆ ವಿದ್ಯೆಯು ಅವರೊಂದಿಗೇ ಮುಗಿದುಹೋಗುವುದು. ಹಾಗಾಗದಿರಲೆಂದು ಈ ವರ್ಷ ಗಾಲಿಯ ಅಳತೆಗಳನ್ನು ಅವರಿಂದ ಕೇಳಿ ಬರೆದುಕೊಳ್ಳಲು ಆರಂಭಿಸಿದ್ದೇನೆ.

ನಮ್ಮ ನಾಡಿನಲ್ಲಿಯೂ ಈ ಕಲೆಯನ್ನು ನೋಡಬಯಸುವವರಿಗೆ ಅವಕಾಶವಿಲ್ಲದಿಲ್ಲ. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲು ಸಂಗ್ರಹಾಲಯದಲ್ಲಿ ನಿಜವಾದ ಹಳೆಯ ಇಂಜಿನುಗಳಿವೆ. ಪುಣೆಯ ಕೋಥರೂಡದಲ್ಲಿ 1998ರಲ್ಲಿ ತೆರೆದ ಜೋಶಿಯವರ ಚಿಕಣಿ ರೈಲುಗಳ ಸಂಗ್ರಹಾಲಯದಲ್ಲಿ ಇಡೀ ಒಂದು ಊರೇ ಮೇಜಿನ ಮೇಲೆ ನಿಂತಿದ್ದು ಗಾಡಿಗಳು ಓಡಾಡುತ್ತವೆ. ಯಾದಗಿರಿಯಿಂದ ಪುಣೆಗೆ ಹೋಗುವುದು ಆ 1871ರ ಹಳಿಯ ಮೇಲೆಯೇ.

ಕೊನೆಯದಾಗಿ ನನ್ನ ಸಹಪಾಠಿಗಳಲ್ಲಿಯೂ ಗುರುಗಳಲ್ಲಿಯೂ ಒಂದು ಬಿನ್ನಹ. ಪ್ರತಿವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಭಾಷಣ, ಹಾಡು, ನಾಟಕಗಳು ನಡೆಯುತ್ತವೆ. ಅದರೊಡನೆ ಒಂದು ಕೋಣೆಯಲ್ಲಿ ನಮ್ಮ ಸೀಮೆಯ ಒಂದು ಚಿಕ್ಕ ರೂಪವನ್ನು ನಾವೇ ಕಟ್ಟಿ ಪ್ರದರ್ಶಿಸಬಾರದೇಕೆ? ರಟ್ಟು, ಮರದ ಚೂರು, ಹೊಲದ ಮಣ್ಣು ಸಾಕು. ಯಾದಗಿರಿಯ ಕೋಟೆ ಮತ್ತು ನಿಲ್ದಾಣ, ಕೃಷ್ಣೆಯ ಮೇಲಿನ ರೈಲುಸೇತುವೆ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ, ಸುರಪುರದ ಟೇಲರ್ ಮಂಜಿಲ್ ಇವನ್ನೆಲ್ಲ ಒಂದೇ ಅಳತೆಗೆ ಇಳಿಸಬೇಕಾದರೆ ಇತಿಹಾಸದವರು, ಭೂಗೋಳದವರು, ಅರ್ಥಶಾಸ್ತ್ರದವರು ಕೂಡಿ ಕುಳಿತು ಲೆಕ್ಕ ಹಾಕಬೇಕಾಗುತ್ತದೆ. ಹೊರಗೆ ಹೋಗಿ ಅಳೆದು ಬರಬೇಕಾಗುತ್ತದೆ. ಆ ಕೆಲಸದಲ್ಲಿ ಹುಡುಗರೂ ಹುಡುಗಿಯರೂ ಸಮನಾಗಿ ಪಾಲುಗೊಳ್ಳಲಿ. ನೋಡಲು ನಮ್ಮ ತಂದೆತಾಯಿಗಳು ಬರಲಿ. ಓದಲು ಬಾರದ ಅವರು ನಮ್ಮ ಪದವಿಪತ್ರವನ್ನು ಓದಲಾರರು. ಆದರೆ ನಾವು ಕಟ್ಟಿದ ಸೇತುವೆಯ ಕಂಬವು ನೆಟ್ಟಗಿದೆಯೋ ವಾಲಿದೆಯೋ ಎಂಬುದನ್ನು ನಮ್ಮೆಲ್ಲರಿಗಿಂತ ಮೊದಲು ಅವರೇ ಹೇಳುವರು.